ಕತ್ತಿ ಹಿಡಿದವರು ಮಾತ್ರ ಇದ್ದರಾ?

ಹಳೇ ಕಾಲದ ಹೆಣ್ಣುಮಕ್ಕಳ ಮಾತು ಬಂದರೆ ನಮಗೆ ಎರಡೇ ಚಿತ್ರ ಹೊಳೆಯುತ್ತವೆ. ಒಂದೋ ಕುದುರೆ ಮೇಲಿನ ರಾಣಿ, ಇಲ್ಲಾ ಒಲೆ ಮುಂದಿನ ಹೆಂಗಸು. ಅಬ್ಬಕ್ಕ, ಕೆಳದಿ ಚೆನ್ನಮ್ಮ ಅಂದರೆ ನನಗೂ ಹೆಮ್ಮೆ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮನದು ಸಣ್ಣ ಧೈರ್ಯವಲ್ಲ. ಆದರೆ ದಿನಾ ಕೆಲಸಕ್ಕೆ ಹೋಗಿ ದುಡಿದು ಬದುಕಿದ ಹೆಂಗಸರೂ ಇದ್ದರಲ್ವಾ? ಅವರನ್ನು ಯಾಕೆ ಮರೆತೆವು?

1530ರ ದಶಕದ ವಿಜಯನಗರವನ್ನೇ ನೋಡಿ. ಅಚ್ಯುತರಾಯನ ಕಾಲ. ಆಗ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ತಾನು ಕಂಡು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಅರಮನೆಯೊಳಗಿನ ಖರ್ಚಿನ ಲೆಕ್ಕವನ್ನೆಲ್ಲ ಬರೆಯುತ್ತಿದ್ದವರು ಹೆಂಗಸರು. ರಾಜ್ಯದ ವ್ಯವಹಾರ ದಾಖಲಿಸಿ, ತಮ್ಮ ಕಡತವನ್ನು ಹೊರಗಿನ ಗುಮಾಸ್ತರ ಕಡತದ ಜೊತೆ ತಾಳೆ ನೋಡುತ್ತಿದ್ದವರೂ ಹೆಂಗಸರೇ. ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರು, ರಾತ್ರಿ ಅರಮನೆ ಕಾಯುವವರಲ್ಲೂ ಹೆಂಗಸರಿದ್ದರು. ಲೆಕ್ಕ ತಾಳೆ ನೋಡುವುದು ಅಂದರೆ ಇವತ್ತಿನ ಆಡಿಟ್. ಓದು, ಬರಹ, ಲೆಕ್ಕ ಮೂರೂ ಬರಬೇಕು. ಗಂಡಸರು ಬರೆದ ಲೆಕ್ಕದಲ್ಲಿ ತಪ್ಪಿದ್ದರೆ ಹೇಳುವ ಅಧಿಕಾರವೂ ಬೇಕು. ಹೀಗಂತ ಅದನ್ನು ಸುವರ್ಣಯುಗ ಅನ್ನಲು ನನಗೆ ಮನಸ್ಸಿಲ್ಲ. ಗಂಡ ಸತ್ತರೆ ಹೆಂಡತಿಯನ್ನು ಚಿತೆಗೆ ಕರೆದೊಯ್ಯುತ್ತಿದ್ದದ್ದನ್ನೂ ಇದೇ ನೂನಿಜ್ ಬರೆದಿದ್ದಾನೆ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಕಾಳುಮೆಣಸಿನ ರಾಣಿ ಅಂತ. ಅವರಿಗೆ ಎದ್ದು ಕಂಡದ್ದು ಅವಳ ವ್ಯಾಪಾರ!

ನನಗೆ ಜಾಸ್ತಿ ಕಾಡುವವಳು ಸಂಚಿಯ ಹೊನ್ನಮ್ಮ. ಯಳಂದೂರಿನ ಹೆಣ್ಣು. ಮೈಸೂರಿನ ಚಿಕ್ಕದೇವರಾಜರ (1673–1704) ಅರಮನೆಯಲ್ಲಿ ಎಲೆ-ಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ರಾಣಿಯ ಒತ್ತಾಸೆಯಿಂದ 'ಹದಿಬದೆಯ ಧರ್ಮ' ಬರೆದಳು. ಹಾಡಲು ಬರುವ ಸಾಂಗತ್ಯ ಅನ್ನುವ ಛಂದಸ್ಸಿನಲ್ಲಿ ಬರೆದಳು. ಅಕ್ಷರ ಬಾರದವರೂ ಕೇಳಿ ಕಲಿಯಬಹುದಿತ್ತು.

ಮಹಿಳಾ ದಿನ ಬಂತೆಂದರೆ ಆ ಕೃತಿಯ 'ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ' ಸಾಲು ಎಲ್ಲರ ಸ್ಟೇಟಸ್‌ನಲ್ಲೂ ಬರುತ್ತದೆ. ಬರಲಿ. ಹೆಣ್ಣು ಹೆಣ್ಣು ಅಂತ ಹೀಗಳೆಯುವವರನ್ನು ಕಣ್ಣು ಕಾಣದ ಗಾವಿಲರು, ಅಂದರೆ ಮೂಢರು ಅಂತ ಅರಮನೆಯ ಕೆಲಸದವಳೊಬ್ಬಳು ಆ ಕಾಲದಲ್ಲಿ ಬರೆದಳು ಅಂದರೆ ಮೈ ಜುಮ್ಮೆನ್ನುತ್ತದೆ. ಮಗನಾದರೆ ಬಂದ ಲಾಭವೇನು, ಮಗಳಾದರೆ ಆದ ಕೊರತೆಯೇನು ಅಂತಲೂ ಕೇಳಿದಳು. ಆದರೆ ಅದೇ ಕೃತಿಯ ತುಂಬ ಇರುವುದು ಪತಿವ್ರತೆ ಹೇಗೆ ನಡೆಯಬೇಕು, ಗಂಡನ ಸೇವೆ ಹೇಗೆ ಮಾಡಬೇಕು ಅನ್ನುವ ಉಪದೇಶ. ಒಬ್ಬರು ಆ ನಾಲ್ಕು ಸಾಲು ಕಿತ್ತುಕೊಂಡು ಅವಳನ್ನು ಸ್ತ್ರೀವಾದಿ ಮಾಡುತ್ತಾರೆ. ಇನ್ನೊಬ್ಬರು ಉಳಿದದ್ದನ್ನು ತೋರಿಸಿ ಸಂಪ್ರದಾಯವಾದಿ ಅನ್ನುತ್ತಾರೆ. ನನಗೆ ಎರಡೂ ಅನ್ಯಾಯ ಅನಿಸುತ್ತದೆ. ಅರಮನೆಯ ಅನ್ನ ತಿಂದು, ರಾಣಿ ಕೇಳಿದ ವಿಷಯವನ್ನೇ ಬರೆಯುತ್ತಾ, ಆ ಚೌಕಟ್ಟಿನೊಳಗೇ ತನ್ನ ಸಿಟ್ಟಿಗೂ ಜಾಗ ಮಾಡಿಕೊಂಡವಳು ಅವಳು. ಅವಳ ಕಾಲದ ಹೆಂಗಸಿನ ಬದುಕೇ ಹಾಗಿತ್ತು. ಸಿಕ್ಕಷ್ಟು ಜಾಗದಲ್ಲಿ ಕೆಲಸ, ಸಿಕ್ಕಷ್ಟು ಜಾಗದಲ್ಲಿ ಮಾತು.

ಅವಳು ಒಬ್ಬಂಟಿಯೂ ಅಲ್ಲ. ಅದೇ ಕಾಲದ ಕವಯಿತ್ರಿ ಶೃಂಗಾರಮ್ಮ ಇದ್ದಾಳೆ. ಮುಂದಿನ ತಲೆಮಾರಿಗೆ ಬಂದರೆ ಕಾವ್ಯ ಬರೆದ ಮೈಸೂರಿನ ರಾಣಿ ಚೆಲುವಾಂಬೆ, ಅತ್ತ ಹೆಳವನಕಟ್ಟೆ ಗಿರಿಯಮ್ಮ. ಗಿರಿಯಮ್ಮನ ಹಾಡುಗಳು ಹೆಂಗಸರ ಬಾಯಲ್ಲೇ ಉಳಿದು ಬಂದವು.

ಬರೆದವರ ಕತೆ ಇಷ್ಟಾದರೂ ಸಿಕ್ಕಿತು. ಗದ್ದೆ ನಾಟಿ ಮಾಡಿದವರು, ನೂಲು ತೆಗೆದವರು, ಸಂತೆಯಲ್ಲಿ ಮಾರಿದವರು, ಹೆರಿಗೆ ಮಾಡಿಸಿದವರ ಹೆಸರನ್ನು ಯಾರೂ ಬರೆಯಲಿಲ್ಲ. ದೇವಸ್ಥಾನದ ಕಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಹೆಣ್ಣು ಹೆಸರು ಸಿಗುತ್ತದೆ, ಭೂಮಿ ಕೊಟ್ಟಳು, ದೀಪಕ್ಕೆ ಎಣ್ಣೆ ಕೊಟ್ಟಳು ಅಂತ. ನಿಮ್ಮೂರಿನ ಶಾಸನದಲ್ಲಿ ಅಂಥ ಹೆಸರಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಬರೆಯಿರಿ. ಫೋಟೋ ಇದ್ದರೆ ಅದನ್ನೂ ಹಾಕಿ.