ಮೊದಲು ಹೇಳದ ಮಾತು ಸುಳ್ಳೇ?

ಆಸ್ಟ್ರೇಲಿಯಾದಲ್ಲಿ ಆಶ್ರಯ ಕೇಳಿದವರ ಪ್ರೊಟೆಕ್ಷನ್ ವೀಸಾ ಅರ್ಜಿಯನ್ನು ವಲಸೆ ನೋಡಿಕೊಳ್ಳುವ ಇಲಾಖೆ ತಿರಸ್ಕರಿಸಿದರೆ, ಅವರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ಗೆ ಹೋಗಬಹುದು. ಇದು ಶುರುವಾಗಿದ್ದು 2024ರ ಅಕ್ಟೋಬರ್ 14ರಂದು. ಇಲಾಖೆ ಹೇಳಿದ್ದು ಸರಿಯೋ ತಪ್ಪೋ ಎಂದಷ್ಟೇ ನೋಡದೆ, ಇಲ್ಲಿ ಇಡೀ ಪ್ರಕರಣವನ್ನು ಹೊಸದಾಗಿ ಕೇಳುತ್ತಾರೆ. ಆದರೆ 1958ರ ವಲಸೆ ಕಾಯ್ದೆಗೆ 2015ರಲ್ಲಿ 423ಎ ಎಂಬ ಸೆಕ್ಷನ್ ಸೇರಿಕೊಂಡಿತು. ಈ ಟ್ರಿಬ್ಯೂನಲ್ ಬಂದ ಮೇಲೆ ಅದೇ ನಿಯಮ 367ಎ ಸೆಕ್ಷನ್‌ನಲ್ಲಿದೆ. ಇಲಾಖೆಯ ಮುಂದೆ ಹೇಳದ ವಿಷಯವನ್ನು ಟ್ರಿಬ್ಯೂನಲ್‌ನಲ್ಲಿ ಮೊದಲ ಸಲ ಹೇಳಿದರೆ, ತಡವಾಗಿದ್ದಕ್ಕೆ ಒಪ್ಪುವಂಥ ಕಾರಣ ಇಲ್ಲದಿದ್ದರೆ, ಆ ಮಾತಿನ ಮೇಲೆ ಟ್ರಿಬ್ಯೂನಲ್ ಅಪನಂಬಿಕೆ ತಾಳಲೇಬೇಕು. ಇದು ಸರಿಯೇ?

ಪರ

"ಪಕ್ಷದ ಕೆಲಸ ಮಾಡಿದ್ದಕ್ಕೆ ನನ್ನ ಹಿಂದೆ ಬಿದ್ದಿದ್ದಾರೆ" ಎಂದು ಅರ್ಜಿಯಲ್ಲಿ ಬರೆದವರು, ಆ ಕಾರಣಕ್ಕೆ ವೀಸಾ ಸಿಗಲಿಲ್ಲ ಎಂದು ಗೊತ್ತಾದ ಮೇಲೆ "ಧರ್ಮ ಬದಲಿಸಿದ್ದೇನೆ, ಭಯ ಅದಕ್ಕೇ" ಎಂದರೆ ಅನುಮಾನ ಬರುವುದು ಸಹಜ ಅಲ್ವಾ? ತಿರಸ್ಕಾರದ ಕಾರಣಗಳನ್ನು ಇಲಾಖೆ ಬರೆದುಕೊಟ್ಟಿರುತ್ತದೆ. ಅದನ್ನು ಓದಿಕೊಂಡು ಕಥೆಯ ತೂತು ಮುಚ್ಚುವುದು ಕಷ್ಟವೇನಲ್ಲ. ಹೀಗೆ ಮಾಡುವವರಿಂದ ಸಾಲು ಬೆಳೆಯುತ್ತದೆ, ನಿಜವಾಗಿ ಜೀವಭಯ ಇರುವವರು ಕಾಯುತ್ತಾ ಕೂರುತ್ತಾರೆ.

ಅಷ್ಟಕ್ಕೂ ಈ ಸೆಕ್ಷನ್ ಬಾಗಿಲು ಹಾಕುವುದಿಲ್ಲ, ಕಾರಣ ಕೇಳುತ್ತದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅದಕ್ಕೂ ಮುಂಚೆ ಅರ್ಜಿ ತಿರಸ್ಕಾರವಾದವರು ಆಮೇಲೆ ಹೊಸ ಭಯ ಹೇಳಿಕೊಂಡರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಕಣ್ಣ ಮುಂದೆಯೇ ಇದೆ.

ವಿರೋಧ

ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. ಮುಚ್ಚುಮರೆ ಯಾಕೆ?

ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಗಂಡನ ಅರ್ಜಿಯಲ್ಲಿ ಅವಳ ಹೆಸರೂ ಇದೆ. ಅವಳದೇ ಆದ ಕಾರಣ ಏನೂ ಇಲ್ಲ ಎಂದು ಬರೆದಿದೆ, ಬರೆದವನು ಗಂಡ. ಊರಿನ ಠಾಣೆಯಲ್ಲಿ ತನಗೆ ಏನಾಯಿತು ಎಂದು ಅವಳು ಅವನಿಗೇ ಹೇಳಿಲ್ಲ. ಇಲಾಖೆಯ ಸಂದರ್ಶನದ ದಿನ ಅವನು ಪಕ್ಕದಲ್ಲೇ ಕೂತಿದ್ದ. ದುಭಾಷಿಯೂ ಗಂಡಸು, ಅವಳ ಭಾಷೆಯವನೇ, ನಾಳೆ ಯಾರದೋ ಮದುವೆಯಲ್ಲಿ ಎದುರಾಗುವವನು. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ ಅವಳು "ಏನಿಲ್ಲ" ಅಂದಳು. ಆ "ಏನಿಲ್ಲ" ಫೈಲಿಗೆ ಸೇರಿತು.

ವರ್ಷಗಳಾದ ಮೇಲೆ ಟ್ರಿಬ್ಯೂನಲ್‌ನಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳುತ್ತಾರೆ. ಆಗ ಮಾತು ಹೊರಡುತ್ತದೆ. ಅದು ತಡವಾದ ಮಾತು ನಿಜ, ಸುಳ್ಳು ಮಾತಲ್ಲ. ತಾನು ಸಲಿಂಗಿ ಎಂಬುದನ್ನು ಬದುಕಿಡೀ ಬಚ್ಚಿಟ್ಟು ಜೀವ ಉಳಿಸಿಕೊಂಡವನಿಗೂ ಹೀಗೇ. ಸರ್ಕಾರಿ ಅಧಿಕಾರಿಗೆ ಹೆದರಿ ಓಡಿಬಂದವನು ಇನ್ನೊಬ್ಬ ಸರ್ಕಾರಿ ಅಧಿಕಾರಿಯ ಮುಂದೆ ಮೊದಲ ದಿನವೇ ಮನಸ್ಸು ಬಿಚ್ಚಬೇಕು ಅನ್ನುವುದು ಜಾಸ್ತಿ ಆಯಿತು.

ವಿನಾಯಿತಿ ಇದೆಯಲ್ಲ ಎನ್ನಬಹುದು. ಆದರೆ "ನಾಚಿಕೆಯಾಯಿತು" ಎಂಬುದು ಒಪ್ಪುವಂಥ ಕಾರಣವೋ ಅಲ್ಲವೋ ಎಂದು ಸಾಮಾನ್ಯವಾಗಿ ತೀರ್ಮಾನಿಸುವುದು ಎದುರು ಕೂತ ಟ್ರಿಬ್ಯೂನಲ್‌ನ ಒಬ್ಬರೇ ಸದಸ್ಯರು. ಅವರು ನಂಬದಿದ್ದರೆ ಮುಂದಿನ ದಾರಿ ಕೋರ್ಟು. ಅಲ್ಲಿ ನೋಡುವುದು ಕಾನೂನಿನ ತಪ್ಪಾಗಿದೆಯೇ ಎಂದು. ಅವಳ ಕಥೆ ನಿಜವೋ ಅಲ್ಲವೋ ಎಂದು ಇನ್ನೊಮ್ಮೆ ಅಳೆದು ನೋಡುವುದಿಲ್ಲ.

ಸದಸ್ಯರಿಗೆ ಅನುಮಾನಿಸುವ ಹಕ್ಕೇ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ಅಳೆಯುವುದು ಅವರ ಕೆಲಸವೇ, ಈ ಸೆಕ್ಷನ್ ಬರುವ ಮೊದಲೂ ಅದನ್ನು ಮಾಡುತ್ತಿದ್ದರು. ನನ್ನ ತಕರಾರು "ತಾಳಲೇಬೇಕು" ಎಂಬುದರಲ್ಲಿನ ಆ "ಲೇ"ಗೆ. ಅದನ್ನು ತೆಗೆದು "ತಾಳಬಹುದು" ಎಂದು ಮಾಡಲಿ.