ಕಾರ್ಯಪ್ಪನವರ ಮನೆಯ ಲೆಕ್ಕ

ಸೇನಾ ದಿನವಾದ ಜನವರಿ 15 ಬಂತೆಂದರೆ ಫೇಸ್‌ಬುಕ್ ತುಂಬ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮೀಸೆಯ ಚಿತ್ರ, ಅದರ ಕೆಳಗೆ ಅದೇ ನಾಲ್ಕು ಸಾಲು. ಯುದ್ಧದಲ್ಲಿ ಮಗ ಪಾಕಿಸ್ತಾನದ ಸೆರೆಯಾಳಾದ, ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಬಿಡುತ್ತೇನೆಂದ, ಅಪ್ಪ ಬೇಡವೆಂದ. ಪ್ರಸಂಗ ನಿಜ. ನನ್ನ ತಕರಾರು ಅದನ್ನು ಹೇಳುವ ರೀತಿಯ ಮೇಲೆ. ಮಕ್ಕಳ ಮೇಲೆ ಮಮತೆ ಇಲ್ಲದಿರುವುದೇ ದೇಶಭಕ್ತಿಯ ಲಕ್ಷಣ ಎನ್ನುವಂತೆ ಬರೆಯುತ್ತಾರೆ. ಅದಕ್ಕೆ ಕೈಮುಗಿದ ಚಿಹ್ನೆಗಳ ಸುರಿಮಳೆ ಬೇರೆ.

ನಡೆದದ್ದು 1965ರ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನೇನು ಕೆಲವು ಗಂಟೆಗಳಿದ್ದಾಗ. ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಚಿಮ್ಮಿ ಜೀವ ಉಳಿಸಿಕೊಂಡರು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಯಾದರು. ಅಯೂಬ್ ಖಾನರಿಗೆ ಹಿರಿಯ ಕಾರ್ಯಪ್ಪನವರು ಅಪರಿಚಿತರಲ್ಲ, ವಿಭಜನೆಗೆ ಮುಂಚೆ ಇಬ್ಬರದೂ ಒಂದೇ ಸೈನ್ಯ. ಆ ಸಲುಗೆಯಿಂದ ಬಂದ ಮಾತಿಗೆ ಕಾರ್ಯಪ್ಪನವರು ಕೊಟ್ಟ ಉತ್ತರದ ಸಾರ ಇಷ್ಟು: ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಬೇಡ. ಆಗ ಅವರಿಗೆ 66 ವರ್ಷ. ಸೇನೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷ ಕಳೆದಿತ್ತು. ಅಧಿಕಾರದಲ್ಲಿಲ್ಲದ ತಂದೆ ಮಗನನ್ನು ಕರೆಸಿಕೊಂಡಿದ್ದರೆ ಯಾರೂ ದೂರುತ್ತಿರಲಿಲ್ಲ. ಮಗ ಮರಳಿದ್ದು ಮರುವರ್ಷದ ಜನವರಿಯಲ್ಲಿ, ಉಳಿದ ಸೆರೆಯಾಳುಗಳಂತೆಯೇ.

ಈ ಮಗನನ್ನು ಬೆಳೆಸಿದ ಬಗೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕಾರ್ಯಪ್ಪನವರ ಮದುವೆಯಾದದ್ದು 1937ರಲ್ಲಿ, ಅರಣ್ಯಾಧಿಕಾರಿಯೊಬ್ಬರ ಮಗಳು ಮುತ್ತು ಅವರೊಂದಿಗೆ. ಗಂಡ ಹೆಂಡತಿಯ ನಡುವೆ ವಯಸ್ಸಿನ ಅಂತರ ದೊಡ್ಡದಿತ್ತು. ಮಗ ಹುಟ್ಟಿದ್ದು 1938ರಲ್ಲಿ, ಮಗಳು ನಳಿನಿ 1943ರಲ್ಲಿ. 1945ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೂರು ವರ್ಷಗಳ ಬಳಿಕ ಮುತ್ತು ಅವರು ಅಪಘಾತದಲ್ಲಿ ತೀರಿಕೊಂಡರು. ಅಂದರೆ 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದಾಗ, ಕಾರ್ಯಪ್ಪನವರ ಮನೆಯಲ್ಲಿ ತಾಯಿಯಿಲ್ಲದ ಎರಡು ಮಕ್ಕಳಿದ್ದವು. ಒಬ್ಬನಿಗೆ ಹನ್ನೊಂದು ವರ್ಷ, ಇನ್ನೊಬ್ಬಳಿಗೆ ಇನ್ನೂ ಆರು ತುಂಬಿರಲಿಲ್ಲ. ಅವರ ಹೆಗಲ ಮೇಲಿನ ಪಟ್ಟಿಗಳನ್ನು ಎಣಿಸುವ ನಾವು ಇದನ್ನು ಎಣಿಸುವುದಿಲ್ಲ. ಮುರಿದ ಸಂಸಾರ ವೀರಪುರುಷನಿಗೆ ಶೋಭಿಸುವುದಿಲ್ಲ ಎಂಬ ಮುಜುಗರವೇ ಕಾರಣ ಎಂದು ನನ್ನ ಗುಮಾನಿ. ಒಳ್ಳೆಯ ಸಂಸಾರಸ್ಥ ಎಂದರೆ ಗೋಡೆಯ ಮೇಲಿನ ಕುಟುಂಬದ ಪಟದಲ್ಲಿ ಎಲ್ಲರೂ ಇರಲೇಬೇಕು ಎಂದು ಯಾರು ಹೇಳಿದರೋ!

ನಂದಾ ಅವರೇ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ದೆಹಲಿಯಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲ. ಮಕ್ಕಳನ್ನು ಮನೆಗೆ ಕರೆತರುವ ಸೇನೆಯ ಟ್ರಕ್ ಒಂದು ದಿನ ಬರಲಿಲ್ಲ. ತಂದೆಯ ಎಡಿಸಿ, ಅಂದರೆ ಆಪ್ತ ಸಹಾಯಕ ಅಧಿಕಾರಿ, ಪಾಪ, ಹುಡುಗ ಕಾಯುತ್ತಾನಲ್ಲ ಎಂದು ತಂದೆಯ ಸರ್ಕಾರಿ ಸ್ಟಾಫ್ ಕಾರನ್ನು ಕಳಿಸಿದರು. ಹುಡುಗನಿಗೆ ಖುಷಿಯೋ ಖುಷಿ. ಕೆಲವು ದಿನಗಳ ನಂತರ ಬೆಳಗಿನ ತಿಂಡಿಯ ಹೊತ್ತಿಗೆ ವಿಷಯ ತಂದೆಯ ಕಿವಿಗೆ ಬಿತ್ತು. ಎಡಿಸಿಗೆ ಬೈಗುಳ ಸಿಕ್ಕಿತು, ಕಾರು ಓಡಿದ ಖರ್ಚು ಕಾರ್ಯಪ್ಪನವರ ಸ್ವಂತ ಲೆಕ್ಕಕ್ಕೆ ಸೇರಿತು. ಸರ್ಕಾರಿ ಜೀಪಿನಲ್ಲಿ ಸೊಪ್ಪು ತರಕಾರಿಯಿಂದ ಹಿಡಿದು ಅತ್ತೆಮನೆಯ ನೆಂಟರವರೆಗೆ ಸಾಗಿಸುವುದನ್ನು ಕಂಡು ಬೆಳೆದ ನನಗೆ ಇದು ಅಯೂಬ್ ಖಾನರ ಪ್ರಸಂಗಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1965ರ ಉತ್ತರಕ್ಕೆ ಕಾರ್ಯಪ್ಪನವರು ಹೊಸದಾಗಿ ಎದೆ ಗಟ್ಟಿಮಾಡಿಕೊಳ್ಳಬೇಕಾಗಿರಲಿಲ್ಲ. ಊರ ಮಕ್ಕಳಿಗಿಲ್ಲದ್ದು ತನ್ನ ಮಗುವಿಗೆ ಬೇಡ ಎಂಬ ನಿಯಮ ಮನೆಯಲ್ಲಿ ಎಂದಿನಿಂದಲೋ ಇತ್ತು. ಇಂಥ ತಂದೆಯ ಕೈಯಲ್ಲಿ ಬೆಳೆಯುವುದು ಸುಲಭವಿರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಹುಡುಗನ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಮುನಿಸಿಕೊಳ್ಳುತ್ತಿದ್ದೆ.

ಹಾಗೆಂದು ಅವರದು ಒಣ ಶಿಸ್ತಲ್ಲ. ಅದೇ ಯುದ್ಧದ ಹೊತ್ತಿನಲ್ಲಿ ನಿವೃತ್ತ ಜನರಲ್ ನಮ್ಮ ಜವಾನರನ್ನು ಕಂಡು ಮಾತಾಡಿಸಲು ಗಡಿಗೆ ಹೋಗಿದ್ದರು. ನಡೆಯುತ್ತ ಎರಡೂ ಕಡೆಯ ನಡುವಿನ ಬಯಲಿಗೇ ಬಂದುಬಿಟ್ಟರಂತೆ. ಎದುರಿನವರು ಮೊದಲು ತಡೆದರು, ಬಂದವರು ಯಾರೆಂದು ತಿಳಿದಾಗ ಬಂದೂಕು ಇಳಿಸಿದರು, ಅವರ ಅಧಿಕಾರಿ ಬಂದು ಸೆಲ್ಯೂಟ್ ಹೊಡೆದ. ಆ ಪಾಕಿಸ್ತಾನಿ ಸೈನಿಕರ ಕ್ಷೇಮಸಮಾಚಾರ ವಿಚಾರಿಸಿ, ಮನೆಯಿಂದ ಕಾಗದ ಬರುತ್ತಿದೆಯೇ ಎಂದು ಕಾರ್ಯಪ್ಪನವರು ಕೇಳಿದ್ದನ್ನೂ ಮಗನೇ ಹೇಳಿದ್ದಾರೆ. ದೂರದ ಮನೆಯಿಂದ ಬರುವ ಕಾಗದದ ಬೆಲೆ ಸಿಪಾಯಿಗೆ ಎಷ್ಟೆಂದು ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು.

ಸೇನೆಯ ಕೆಲಸಗಳು ಗೊತ್ತಿರುವವೇ. ಸೇನಾಧಿಕಾರಿಗಳಿಗೆ ಉನ್ನತ ತರಬೇತಿ ಕೊಡುತ್ತಿದ್ದ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ, ಕಾಶ್ಮೀರದಲ್ಲಿ ಜೋಜಿಲಾ, ದ್ರಾಸ್, ಕಾರ್ಗಿಲ್ ಮರಳಿ ಕೈವಶವಾದಾಗ ಪಶ್ಚಿಮ ಕಮಾಂಡಿನ ಮುಖ್ಯಸ್ಥ. ಜಾತಿ, ಪ್ರಾಂತ್ಯ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುವ ಗಾರ್ಡ್ಸ್ ಬ್ರಿಗೇಡನ್ನು 1949ರಲ್ಲಿ ಕಟ್ಟಿಸಿದ್ದನ್ನು ಮಾತ್ರ ಬಿಡದೆ ಹೇಳಬೇಕು, ಜಾತಿಯ ಹೆಸರಿನ ಪಡೆಗಳೇ ಹೆಚ್ಚಿದ್ದ ಸೈನ್ಯದಲ್ಲಿ ಅದು ಸಣ್ಣ ಮಾತಲ್ಲ.

ಮಡಿಕೇರಿಯ ‘ರೋಷನಾರಾ’ ಮನೆಯಲ್ಲಿ ಅವರು ಕಳೆದ ಕೊನೆಯ ವರ್ಷಗಳ ಹಟದ ಕಥೆ ನನಗೆ ಬಲು ಇಷ್ಟ. 1986ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸ್ವೀಕರಿಸುವಾಗ ವಯಸ್ಸು 87. ಬಲಗಾಲಿನ ಕಿರುಬೆರಳು ನೋಯುತ್ತಿತ್ತು, ಮನೆಯಲ್ಲಿ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಚೂಪು ಮೂತಿಯ ಬೂಟು ಬೇಡ ಎಂದು ಮನೆಯವರು ಗೋಗರೆದರು. ಕೇಳಲಿಲ್ಲ. ಊರುಗೋಲನ್ನೂ ಒಲ್ಲೆ ಎಂದರು. ಸಮಾರಂಭದುದ್ದಕ್ಕೂ ನೆಟ್ಟಗೆ ನಿಂತರು. ಇಂಥ ಅಜ್ಜಂದಿರು ನಮ್ಮೆಲ್ಲರ ಮನೆಯಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ, ಮದುವೆಮನೆಗೆ ಹೊರಟಾಗ ಸ್ವೆಟರ್ ಹಾಕಿಕೊಳ್ಳಿ ಎಂದರೆ ಸಿಡುಕುವವರು. ನಂದಾ ಅವರಿಗೆ ಆ ಹೊತ್ತಿಗೆ ವಾಯುಸೇನೆಯಲ್ಲಿ ಮೂರು ದಶಕದ ಹತ್ತಿರದ ಸೇವೆಯಾಗಿತ್ತು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಬೂಟಿನ ವಿಷಯದಲ್ಲಿ ಆ ಅನುಭವವೂ ನಡೆಯಲಿಲ್ಲ.