ಗುರುವಾರ ಮೂರನೇ ಪೀರಿಯಡ್‌ಗೆ ಗಾಳಿ

ಪೋಷಕರ ಸಭೆಯಲ್ಲಿ ಬಾಯಿ ಬಿಡಬಾರದು ಅನ್ನೋದು ನನಗೆ ಗೊತ್ತಿತ್ತು. ಮಗಳು ಒಂದನೇ ತರಗತಿಗೆ ಸೇರಿದಾಗಿನಿಂದ ಆರನೇ ತರಗತಿಯವರೆಗೆ ಈ ವ್ರತವನ್ನು ಕಾಪಾಡಿಕೊಂಡು ಬಂದಿದ್ದೆ. ಆವತ್ತು ಕೆಟ್ಟೆ. ಮಕ್ಕಳು ಮೊಬೈಲಿನಿಂದ ತಲೆಯನ್ನೇ ಎತ್ತುವುದಿಲ್ಲ ಎಂಬ ಚರ್ಚೆ ಮುಕ್ಕಾಲು ಗಂಟೆಯಿಂದ ನಡೆದಿತ್ತು. ಪೋಷಕರೆಲ್ಲ ತಂತಮ್ಮ ಮೊಬೈಲ್ ನೋಡುತ್ತಲೇ ಹೌದು ಹೌದು ಅನ್ನುತ್ತಿದ್ದರು. ಯಾವ ಗಳಿಗೆಯಲ್ಲೋ ನನ್ನ ನಾಲಿಗೆ ಜಾರಿತು.

"ತಲೆ ಎತ್ತಬೇಕು ಅಂದ್ರೆ ಗಾಳಿಪಟ ಹಾರಿಸೋದು ಕಲಿಸಿ ಮೇಡಂ. ತಲೆ ತಗ್ಗಿಸಿಕೊಂಡು ಅದನ್ನ ಹಾರಿಸೋಕಾಗಲ್ಲ."

ತಮಾಷೆಗೆ ಅಂದಿದ್ದು. ಯಾರೂ ನಗಲಿಲ್ಲ. ಹೆಡ್ ಮೇಡಂ ಡೈರಿ ತೆಗೆದು ಬರೆದುಕೊಂಡರು. ಸಭೆಯಲ್ಲಿ ನೀವಾಡಿದ ಮಾತನ್ನು ಯಾರಾದರೂ ಬರೆದುಕೊಂಡರೆ ಅಲ್ಲಿಗೆ ನಿಮ್ಮ ಕಥೆ ಮುಗಿಯಿತು ಅಂತಲೇ ತಿಳಿಯಿರಿ. ಮುಂದಿನ ವಾರ ವೇಳಾಪಟ್ಟಿಯಲ್ಲಿ ಹೊಸ ಸಾಲು ಬಂತು. ಗುರುವಾರ, ಮೂರನೇ ಪೀರಿಯಡ್, ಗಾಳಿಪಟ ಕ್ರೀಡೆ. ಉಸ್ತುವಾರಿ ಎಂಬಲ್ಲಿ ನನ್ನ ಹೆಸರು.

"ನಿಮಗೆ ಗಾಳಿಪಟ ಹಾರಿಸೋಕೆ ಬರುತ್ತೇನ್ರೀ?" ಅಂತ ಹೆಂಡತಿ ಕೇಳಿದಳು.

"ಅದರಲ್ಲಿ ಬರೋದೇನಿದೆ?" ಅಂದೆ. ಈ ಉತ್ತರವನ್ನು ಅವಳು ಇವತ್ತಿಗೂ ನೆಂಟರ ಮುಂದೆ ನೆನಪಿಸುತ್ತಾಳೆ.

ಮೊದಲ ಅಡ್ಡಿ ಪಿ.ಟಿ. ಮೇಷ್ಟ್ರದ್ದು. ಒಳ್ಳೆಯ ಮನುಷ್ಯ. ಆದರೆ ನಿಯಮ ಇಲ್ಲದ ಆಟ ಅವರ ಪಾಲಿಗೆ ಗಲಾಟೆ. "ಇದರಲ್ಲಿ ಗೆಲ್ಲೋದು ಯಾರು ಸಾರ್? ಔಟ್ ಆಗೋದು ಹೇಗೆ? ವಿಷಲ್ ಎಲ್ಲಿ ಊದಬೇಕು?" ಅಂತ ಕೇಳಿದರು. ಆ ರಾತ್ರಿ ಕೂತು ಓದಿದೆ. ಓದಿದ್ದು ನನಗೇ ಆಶ್ಚರ್ಯ. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಎಂಬಾತ ಎರಡು ದಾರದ ಗಾಳಿಪಟ ಮಾಡಿದನಂತೆ. ಬಲದ ದಾರ ಎಳೆದರೆ ಬಲಕ್ಕೆ, ಎಡದ್ದು ಎಳೆದರೆ ಎಡಕ್ಕೆ. ಅಂಥ ಗಾಳಿಪಟಗಳಿಗೆ ಈಗ ಸರಿಯಾದ ಸ್ಪರ್ಧೆಗಳೇ ಇವೆ. ಒಬ್ಬೊಬ್ಬರೇ, ಜೋಡಿಯಾಗಿ, ತಂಡವಾಗಿ ಆಡಬಹುದು. ಕೊಟ್ಟ ಆಕೃತಿಯನ್ನು ಆಕಾಶದಲ್ಲಿ ಬರೆದು ತೋರಿಸಬೇಕು. ಇನ್ನೊಂದು ಸುತ್ತಿನಲ್ಲಿ ಸಂಗೀತಕ್ಕೆ ತಕ್ಕಂತೆ ಕುಣಿಸಬೇಕು. ತೀರ್ಪುಗಾರರು ಅಂಕ ಕೊಡುತ್ತಾರೆ. ಜಪಾನಿನಲ್ಲಿ ರೊಕ್ಕಾಕು ಅಂತ ಆರು ಮೂಲೆಯ ಗಾಳಿಪಟ ಇದೆ, ಅದರಲ್ಲಿ ಕಾಳಗವೇ ನಡೆಯುತ್ತದೆ.

ಬೆಳಿಗ್ಗೆ ಇದೆಲ್ಲ ಹೇಳಿ, ಕೊನೆಗೆ "2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಗಾಳಿಪಟ ಇತ್ತು ಸಾರ್" ಅಂದೆ. ಒಲಿಂಪಿಕ್ಸ್ ಅಂದದ್ದೇ ಮೇಷ್ಟ್ರ ಮುಖ ಅರಳಿತು. "ಹೇಗೆ ಹೇಗೆ?" ಅಂದರು. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು, ಸಮುದ್ರದಲ್ಲಿ ಓಟ ಅಂತ ವಿವರಿಸಿದೆ. ಅವರು ಒಮ್ಮೆ ಮೈದಾನದ ಮೂಲೆಯಲ್ಲಿದ್ದ ನೀರಿನ ತೊಟ್ಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಮೊದಲ ಗುರುವಾರ. ನಲವತ್ತೆರಡು ಮಕ್ಕಳು, ನಲವತ್ತೆರಡು ಗಾಳಿಪಟ. ಗಾಳಿ ಮಾತ್ರ ಗೈರುಹಾಜರಿ. ಒಂದು ಎಲೆ ಅಲ್ಲಾಡಿದ್ದರೆ ಕೇಳಿ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆ ಅಲ್ವಾ? ನಮ್ಮ ವೇಳಾಪಟ್ಟಿ ಅದನ್ನು ತಿದ್ದಿ ಬರೆದಿತ್ತು: ಮೂರನೇ ಪೀರಿಯಡ್ ಬಂದಾಗ ತೂರಿಕೋ.

ಓಡಿದರೆ ಗಾಳಿ ತಾನಾಗಿ ಬರುತ್ತದೆ ಅನ್ನೋದು ನನ್ನ ನಂಬಿಕೆ. ಸಿನಿಮಾದಲ್ಲಿ ಎಲ್ಲರೂ ಓಡುತ್ತಾರೆ. "ನೋಡಿ ಮಕ್ಕಳೇ" ಅಂತ ಕೂಗಿ, ದಾರ ಹಿಡಿದು, ಗಾಳಿಪಟ ಎದ್ದಿತೋ ಇಲ್ಲವೋ ಅಂತ ಹಿಂದೆ ನೋಡುತ್ತಾ ಮುಂದೆ ಓಡಿದೆ. ಓಡುತ್ತಾ ಓಡುತ್ತಾ ಲಾಂಗ್ ಜಂಪ್ ಹೊಂಡ ಸೇರಿದೆ. 1894ರಲ್ಲಿ ಆಸ್ಟ್ರೇಲಿಯಾದ ಲಾರೆನ್ಸ್ ಹಾರ್‌ಗ್ರೇವ್ ತಾನೇ ಮಾಡಿದ ನಾಲ್ಕು ಪೆಟ್ಟಿಗೆ ಗಾಳಿಪಟಗಳಿಗೆ ತನ್ನನ್ನು ಕಟ್ಟಿಕೊಂಡು ನೆಲದಿಂದ 16 ಅಡಿ ಮೇಲೆದ್ದಿದ್ದ. ನಾನು ಒಂದೇ ಗಾಳಿಪಟ ಹಿಡಿದು ನೆಲದಿಂದ ಅರ್ಧ ಅಡಿ ಕೆಳಗೆ ಹೋದೆ. ಮರಳು ಕೊಡವಿಕೊಂಡು ಏಳುವಷ್ಟರಲ್ಲಿ ಪಿ.ಟಿ. ಮೇಷ್ಟ್ರು ಟೇಪ್ ಹಿಡಿದು ಅಳೆಯುತ್ತಿದ್ದರು. "ಎರಡು ಮೀಟರ್ ಎಂಬತ್ತು. ಪರವಾಗಿಲ್ಲ ಸಾರ್." ಅವರಿಗೆ ಗೊತ್ತಿದ್ದ ಒಂದು ಆಟವನ್ನಾದರೂ ನಾನು ಆಡಿದೆನಲ್ಲ ಅಂತ ಸಮಾಧಾನ ಅವರ ಮುಖದಲ್ಲಿತ್ತು.

ಆವತ್ತಿನಿಂದ ಮಗಳು ಗುರುವಾರ ಮಾತ್ರ ನನ್ನನ್ನು "ಅಂಕಲ್" ಅನ್ನತೊಡಗಿದಳು.

ಗಾಳಿಪಟಕ್ಕೆ ಓಡಬೇಕಾಗಿಲ್ಲ ಅನ್ನೋದು ಬಿದ್ದ ಮೇಲೆ ಓದಿದ ವಿಷಯ. ಗಾಳಿಗೆ ಬೆನ್ನು ಮಾಡಿ ಸುಮ್ನೆ ನಿಲ್ಲಬೇಕು. ಜೊತೆಗಾರ ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿ ಗಾಳಿಪಟ ಎತ್ತಿ ಹಿಡಿದಿರಬೇಕು. ಎಸೆಯಬಾರದು, ಬಿಡಬೇಕು, ಅಷ್ಟೇ. ಗಾಳಿ ಎಷ್ಟಿರಬೇಕು ಅನ್ನೋದಕ್ಕೂ ಲೆಕ್ಕ ಇದೆ. ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಗಾಳಿಯ ಬಲಕ್ಕೆ ಅಂಕೆ ಹಾಕಿದ್ದ. ಆಮೇಲೆ ಅದನ್ನು ನೆಲದ ಮೇಲೂ ಬಳಸುವಂತೆ ಮಾಡಿದರು. ಎಲೆ ಸರಸರ ಅಂದರೆ ಎರಡು. ಎಲೆ, ಸಣ್ಣ ಕಡ್ಡಿ ಬಿಡದೆ ಅಲ್ಲಾಡಿದರೆ ಮೂರು, ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ಗಾಳಿಪಟಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಮರಗಳೇ ತೂಗಿದರೆ ಐದು, ಮಕ್ಕಳನ್ನು ಒಳಗೆ ಕಳಿಸಬೇಕು. ಮಕ್ಕಳಿಗೆ ಇದು ಎಷ್ಟು ಹಿಡಿಸಿತು ಅಂದರೆ, ಕಿಟಕಿ ಪಕ್ಕ ಕೂತವರು ಬೇರೆ ಪಾಠದ ನಡುವೆಯೂ "ಮೂರು! ಮೂರು!" ಅಂತ ಕೂಗತೊಡಗಿದರು. ಕೂಗು ಬರುತ್ತಿದ್ದುದೆಲ್ಲ ಮಧ್ಯಾಹ್ನ. ನೆಲ ಕಾದ ಮೇಲೆ ಗಾಳಿ ಏಳುವುದು ಸಾಮಾನ್ಯ, ಮೂರನೇ ಪೀರಿಯಡ್‌ಗೆ ಅದಿನ್ನೂ ಹಾಸಿಗೆಯಲ್ಲಿರುತ್ತದೆ. ಇದನ್ನೇ ಹೆಡ್ ಮೇಡಂ ಹತ್ತಿರ ಹೇಳಿ, ಪೀರಿಯಡ್ ಬದಲಿಸಿಕೊಡಿ ಅಂತ ಕೇಳಿದೆ.

"ಮಧ್ಯಾಹ್ನ ಗಣಿತ ಇದೆ. ಗಣಿತ ಯಾವತ್ತಾದ್ರೂ ಗಾಳಿ ಇಲ್ಲ ಅಂತ ನಿಂತಿದೆಯಾ?" ಅಂದರು. ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಎರಡನೇ ಗುರುವಾರ ಗಾಳಿ ಇತ್ತು. ಆದರೆ ನಾನು ಮಕ್ಕಳನ್ನು ನಿಲ್ಲಿಸಿದ್ದು ಶಾಲಾ ಕಟ್ಟಡದ ಮರೆಯಲ್ಲಿ. ಕಟ್ಟಡ ದಾಟಿ ಬರುವ ಗಾಳಿ ಗಾಳಿಯಲ್ಲ, ಜಗಳ. ಸುಳಿ ಸುತ್ತುತ್ತದೆ, ಮೇಲೆ ಕೆಳಗೆ ಆಗುತ್ತದೆ. ಕಟ್ಟಡದ ಎತ್ತರದ ಹಲವು ಪಟ್ಟು ದೂರದವರೆಗೂ ಈ ರಂಪ ಇರುತ್ತದೆ. ಗಾಳಿಪಟಗಳು ಎದ್ದವು, ಗೋತಾ ಹೊಡೆದವು, ಮತ್ತೆ ಎದ್ದವು, ಮತ್ತೆ ಗೋತಾ. ಒಂದು ನೇರವಾಗಿ ಆಫೀಸಿನ ಕಿಟಕಿಗೆ ಬಡಿಯಿತು. ಅದರ ಮೇಲೆ ನಮ್ಮ ಮಕ್ಕಳು ದೊಡ್ಡದಾಗಿ "ಸ್ವಾಗತ" ಅಂತ ಬರೆದಿದ್ದರು.

ಗೋತಾ ಹೊಡೆಯದಿರಲು ಬಾಲಂಗೋಚಿ ಉದ್ದ ಮಾಡಬೇಕು ಅಂತ ಹೇಳಿದ್ದು ನನ್ನ ತಪ್ಪು. ಮಾತು ನಿಜವೇ. ಬಾಲ ಗಾಳಿಗೆ ತಡೆ ಒಡ್ಡಿ ಹಿಂದಕ್ಕೆ ಎಳೆಯುತ್ತದೆ, ಗಾಳಿಪಟ ನೆಟ್ಟಗೆ ನಿಲ್ಲುತ್ತದೆ. ಆದರೆ ಬಾಲಕ್ಕೆ ಬಟ್ಟೆ ಎಲ್ಲಿಂದ ತರುವುದು ಅಂತ ನಾನು ಹೇಳಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಐದು ಹುಡುಗರ ಕೊರಳಲ್ಲಿ ಟೈ ಇರಲಿಲ್ಲ. ಐದೂ ಒಂದಕ್ಕೊಂದು ಗಂಟು ಬಿದ್ದು ಗಾಳಿಪಟದ ಹಿಂದೆ ಆಕಾಶಕ್ಕೆ ಹೋಗುತ್ತಿದ್ದವು. ಮೊದಲ ಬಾರಿಗೆ ಒಂದು ಗಾಳಿಪಟ ಸ್ಥಿರವಾಗಿ ಹಾರಿತು. ಎಲ್ಲರೂ ಚಪ್ಪಾಳೆ ಹೊಡೆದೆವು. ಶಾಲೆಯ ಲಾಂಛನ ಅಷ್ಟು ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ. ಆಮೇಲೆ ಅದು ಮೈದಾನದ ಅಂಚಿನ ಮರಕ್ಕೆ ಹೋಗಿ ಕೂತುಕೊಂಡಿತು.

ಆ ಮರದ ಬಗ್ಗೆ ಹೇಳಲೇಬೇಕು. ಗೆಲ್ಲೋದು ಯಾರು ಎಂಬ ಪಿ.ಟಿ. ಮೇಷ್ಟ್ರ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅದೇ. ಅವರು ಸ್ಕೋರ್ ಬೋರ್ಡ್ ತಂದು ನಿಲ್ಲಿಸಿ ಎರಡು ಕಾಲಂ ಎಳೆದರು. ಮಕ್ಕಳು, ಮರ. ಐದು ನಿಮಿಷ ಹಾರಿದರೆ ಮಕ್ಕಳಿಗೆ ಒಂದು, ಸಿಕ್ಕಿಹಾಕಿಕೊಂಡರೆ ಮರಕ್ಕೆ ಒಂದು. ಒಂದು ತಿಂಗಳಲ್ಲಿ ಮರ 17, ಮಕ್ಕಳು 9. ಮರದ ಆಟ ನೋಡಲು ಬೇರೆ ತರಗತಿಯವರೂ ಬರತೊಡಗಿದರು.

ಮೂರನೇ ಗುರುವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಲವತ್ತೆರಡು ದಾರ ಸೇರಿ ಒಂದೇ ಜಡೆ ಆಯಿತು. ಬಿಡಿಸಲು ಎರಡು ಪೀರಿಯಡ್ ಮತ್ತು ಒಂದು ಕತ್ತರಿ ಬೇಕಾಯಿತು. ಒಬ್ಬ ಹುಡುಗನ ಶೂ ಲೇಸೂ ಅದರೊಳಗೆ ಸೇರಿತ್ತು, ಹೇಗೆ ಅಂತ ಅವನಿಗೂ ಗೊತ್ತಿಲ್ಲ. ಆಮೇಲಿಂದ ಒಂದು ಸಲಕ್ಕೆ ನಾಲ್ಕೇ ಗಾಳಿಪಟ ಅಂತ ಮಾಡಿದೆವು.

ಅಷ್ಟರಲ್ಲಿ ಸ್ಟಾಫ್ ರೂಮಿಗೆ ಸುದ್ದಿ ಹಬ್ಬಿತ್ತು. ವಿಜ್ಞಾನದ ಮೇಡಂ ಬಂದು, 1749ರಲ್ಲಿ ಅಲೆಕ್ಸಾಂಡರ್ ವಿಲ್ಸನ್ ಎಂಬಾತ ಸ್ಕಾಟ್ಲೆಂಡಿನಲ್ಲಿ ಗಾಳಿಪಟಕ್ಕೆ ಥರ್ಮಾಮೀಟರ್ ಕಟ್ಟಿ ಮೇಲಿನ ಗಾಳಿಯ ಬಿಸಿ ಅಳೆದಿದ್ದ, ಅದರ ಬಗ್ಗೆ ಒಂದು ಪುಟ ಬರೆಸುತ್ತೇನೆ ಅಂದರು. ಇತಿಹಾಸದ ಮೇಷ್ಟ್ರು ಮಾರ್ಕೋನಿಯನ್ನು ಹಿಡಿದುಕೊಂಡು ಬಂದರು. 1901ರಲ್ಲಿ ಅಟ್ಲಾಂಟಿಕ್ ದಾಟಿ ಬಂದ ರೇಡಿಯೋ ಸಂಕೇತ ಕೇಳಲು ಅವನು ಆಂಟೆನಾ ತಂತಿಯನ್ನು ಎತ್ತಿ ಹಿಡಿದದ್ದು ಗಾಳಿಪಟದಿಂದ. ಇದರ ಮೇಲೂ ಒಂದು ಪುಟ. ನನಗೆ ಆಪ್ತ ಅನಿಸಿದ್ದು ಹೋಮನ್ ವಾಲ್ಷ್ ಕಥೆ. 1848ರಲ್ಲಿ ನಯಾಗರಾ ಕಮರಿಗೆ ತೂಗುಸೇತುವೆ ಕಟ್ಟುವ ಮೊದಲು ಆಚೆ ದಡಕ್ಕೆ ಒಂದು ದಾರ ದಾಟಿಸಬೇಕಿತ್ತು. ಅದಕ್ಕೆ ಗಾಳಿಪಟ ಸ್ಪರ್ಧೆ ಇಟ್ಟರು. ಗೆದ್ದದ್ದು ಈ ಹದಿಹರೆಯದ ಹುಡುಗ. ಆದರೆ ಅದಕ್ಕೂ ಮೊದಲು ದಾರ ಮಂಜುಗಡ್ಡೆಗೆ ಸಿಕ್ಕಿ ತುಂಡಾಗಿ, ದೋಣಿಯೂ ನಿಂತುಹೋಗಿ, ಅವನು ಆಚೆ ದಡದಲ್ಲಿ ದಿನಗಟ್ಟಲೆ ಸಿಕ್ಕಿಕೊಂಡಿದ್ದ. ಲಾಂಗ್ ಜಂಪ್ ಹೊಂಡ ಅದರ ಮುಂದೆ ಏನೂ ಅಲ್ಲ.

ಎಲ್ಲ ಪುಟ ಸೇರಿ ಪ್ರಾಜೆಕ್ಟ್ ಆಯಿತು. ಪ್ರಾಜೆಕ್ಟಿಗೆ ಇಪ್ಪತ್ತೈದು ಅಂಕ ಬಂತು. ಅಂಕ ಬಂದ ಕೂಡಲೇ ಪೋಷಕರು ಬಂದರು. "ನಮ್ಮ ಹುಡುಗಿಯ ಬಾಲಂಗೋಚಿಗೆ ಯಾಕೆ ಮೂರೇ ಅಂಕ?" ಅಂತ ಒಬ್ಬರು ನನ್ನ ಜೊತೆ ವಾದಕ್ಕೆ ನಿಂತರು. ಗುರುವಾರ ಮಕ್ಕಳು ತರಗತಿಯಲ್ಲಿ ಕೂತು, ತಲೆ ತಗ್ಗಿಸಿ, ಗಾಳಿಪಟದ ಬಗ್ಗೆ ಬರೆಯತೊಡಗಿದರು. ಹೊರಗೆ ಗಾಳಿ ಮೂರು ಇತ್ತು.

ಹಾಗಾಗಿ ಆಟವನ್ನು ಭಾನುವಾರಕ್ಕೆ, ನಮ್ಮ ಬಡಾವಣೆಯ ಖಾಲಿ ಮೈದಾನಕ್ಕೆ ಕದ್ದು ತಂದೆ. ಅಲ್ಲಿ ಅಂಕದ ಕಾಟ ಇರಲಿಲ್ಲ, ಸಲಹೆಯ ಕಾಟ ಇತ್ತು. ಗಾಳಿಪಟ ಕಂಡರೆ ಸಾಕು, ದಾರಿಹೋಕರೆಲ್ಲ ಚಿಕ್ಕಂದಿನಲ್ಲಿ ಚಾಂಪಿಯನ್ನುಗಳೇ. "ಬಿಡು, ಬಿಡು" ಅಂತ ಒಬ್ಬರು, "ಎಳಿ, ಎಳಿ" ಅಂತ ಇನ್ನೊಬ್ಬರು. ಒಬ್ಬ ಹಿರಿಯರು ಮಾಂಜಾ ಎಲ್ಲಿ ಅಂತ ಕೇಳಿದರು. ಗಾಜಿನ ಪುಡಿ ಮೆತ್ತಿದ ದಾರ ಹಕ್ಕಿಗಳ ರೆಕ್ಕೆಗೂ ಬೈಕಿನಲ್ಲಿ ಹೋಗುವವರ ಕುತ್ತಿಗೆಗೂ ಕುತ್ತು, ನಮ್ಮದು ಬರೀ ಹತ್ತಿ ನೂಲು, ವಿದ್ಯುತ್ ತಂತಿ ಹತ್ತಿರವೂ ಇಲ್ಲ, ತಾರಸಿಯೂ ಇಲ್ಲ ಅಂದೆ. ಚಿಲಿ, ಬ್ರೆಜಿಲ್‌ಗಳಲ್ಲೂ ಇಂಥ ದಾರದಿಂದ ಜೀವ ಹೋಗಿದೆ ಅಂತ ಸೇರಿಸಿದೆ. "ಹಾಗಾದ್ರೆ ಕತ್ತರಿಸೋದು ಹೇಗೆ?" ಅಂದರು. ಕತ್ತರಿಸೋದಿಲ್ಲ ಅಂದೆ. "ಮತ್ತೆ ಯಾಕೆ ಹಾರಿಸ್ತೀರಿ?" ಅಂತ ಕನಿಕರದಿಂದ ನೋಡಿ ಹೋದರು.

ಆ ಮೈದಾನದಲ್ಲಿ ನನಗೆ ಪಾಠ ಹೇಳಿದ್ದು ಒಬ್ಬ ಅಜ್ಜಿ. ವಾಕಿಂಗ್ ಬಂದವರು, ಬೆಂಚಿನ ಮೇಲೆ ಕೂತು ಅರ್ಧ ಗಂಟೆ ನನ್ನ ಅವಸ್ಥೆ ನೋಡಿದರು. ಗಾಳಿ ಚೆನ್ನಾಗಿದ್ದರೂ ಗಾಳಿಪಟ ಆಳೆತ್ತರ ಏರಿ ಅಲ್ಲೇ ಒದ್ದಾಡುತ್ತಿತ್ತು. ಕೊನೆಗೆ ಎದ್ದು ಬಂದರು.

"ಸೂತ್ರ ಯಾರಪ್ಪಾ ಕಟ್ಟಿದ್ದು?"

"ನಾನೇ ಅಜ್ಜಿ."

"ಅದಕ್ಕೇ."

ಅಷ್ಟೇ ಅಂದು, ಗಾಳಿಪಟಕ್ಕೆ ಕಟ್ಟಿದ ಸೂತ್ರದ ದಾರಕ್ಕೆ ಹಾರಿಸುವ ದಾರ ಸೇರುವ ಗಂಟನ್ನು ಅರ್ಧ ಬೆರಳಷ್ಟು ಮೇಲಕ್ಕೆ ಸರಿಸಿದರು. ಗಂಟು ತೀರಾ ಕೆಳಗಿದ್ದರೆ ಗಾಳಿಪಟ ಗಾಳಿಗೆ ಎದೆಯೊಡ್ಡಿ ನಿಂತುಬಿಡುತ್ತದೆ, ಏರುವುದಿಲ್ಲ. ಮೇಲೆ ಸರಿಸಿದರೆ ಸ್ವಲ್ಪ ಮಲಗಿ ಗಾಳಿಯ ಮೇಲೆ ಹತ್ತುತ್ತದೆ. ಇದನ್ನು ನಾನು ಚಿತ್ರಸಮೇತ ಓದಿದ್ದೆ. ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ. ಅಜ್ಜಿಯ ಕೈಯಿಂದ ಅದು ಸದ್ದಿಲ್ಲದೆ ಹೋಯಿತು, ಹೋಗುತ್ತಲೇ ಇತ್ತು. ಅವರು ದಾರದ ಉಂಡೆಯನ್ನು ನನಗೆ ವಾಪಸ್ ಕೊಡಲೇ ಇಲ್ಲ. ಕತ್ತಲಾಗುವವರೆಗೆ ನಾನು ಪಕ್ಕದಲ್ಲಿ ಬಾಲಂಗೋಚಿಯಂತೆ ನಿಂತಿದ್ದೆ.

ವರ್ಷದ ಕೊನೆಗೆ ಶಾಲೆಯ ಕ್ರೀಡಾದಿನ ಬಂತು. ಗಾಳಿಪಟ ಪ್ರದರ್ಶನಕ್ಕೆ ಹನ್ನೊಂದೂಕಾಲಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ಹನ್ನೊಂದೂಕಾಲಕ್ಕೆ ಗಾಳಿ ಸೊನ್ನೆ. ಮಕ್ಕಳು ಗಾಳಿಪಟ ಹಿಡಿದು ಸಾಲಾಗಿ ನಿಂತರು, ಜನ ಅದನ್ನೇ ಪ್ರದರ್ಶನ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಪೆಂಡಾಲಿನ ಬಟ್ಟೆ ಪಟಪಟ ಅನ್ನತೊಡಗಿದಾಗ ಮೈದಾನದಲ್ಲಿ ಉಳಿದಿದ್ದು ಕುರ್ಚಿ ಜೋಡಿಸುತ್ತಿದ್ದ ನಾವು ನಾಲ್ಕೈದು ಜನ.

"ಮೂರು!" ಅಂದಳು ಮಗಳು.

ಹೆಡ್ ಮೇಡಂ ಅತ್ತ ಇತ್ತ ನೋಡಿ, "ಒಂದ್ಸಲ ಕೊಡಿ ಇಲ್ಲಿ" ಅಂದರು. ಗಾಳಿಗೆ ಬೆನ್ನು ಮಾಡಿ ನಿಂತರು. ಮಗಳು ಗಾಳಿಪಟ ಎತ್ತಿ ಹಿಡಿದು ಬಿಟ್ಟಳು. ಅದು ಏರಿತು. ಮೇಡಂ ದಾರ ಬಿಟ್ಟರು, ಇನ್ನೂ ಬಿಟ್ಟರು. ತಲೆ ಎತ್ತಿ ಬಾಯಿ ತೆರೆದು ನೋಡುತ್ತಿದ್ದರು. ಕೈಚೀಲದಲ್ಲಿ ಅವರ ಮೊಬೈಲ್ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಹಾಗೇ ನೋಡುತ್ತಾ ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಎಡಕ್ಕೆ ಸರಿದರು.

"ಮೇಡಂ, ಮರ..." ಅಂದೆ.

ಪಿ.ಟಿ. ಮೇಷ್ಟ್ರು ಮಾತಾಡಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ನಡೆದರು.